ಅನಾಪೊಲಿಸ್‌ನಲ್ಲಿ ಮೊಮ್ಮಗಳು ಕಳೆದ ಒಂದು ರಾತ್ರಿ

ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ನಾವು ದಂಪತಿಗಳು 2023ರಲ್ಲಿ ದಾವಣಗೆರೆಯಿಂದ ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಹೋಗಿದ್ದೆವು. ಆ ಅಕ್ಟೋಬರ್ ತಿಂಗಳಲ್ಲಿ, ಅಲ್ಲಿಯೇ ಹುಟ್ಟಿ ಬೆಳೆದ ಹದಿನೇಳರ ಹರೆಯದ ಮೊಮ್ಮಗಳು ಅನಾಪೊಲಿಸ್ ನಗರದ ನೌಕಾದಳದ ಕಾಲೇಜನ್ನು ಕಂಡುಬರಲು ಹೊರಟಳು. ಸೇರಬಯಸುವವರನ್ನು ಒಂದು ರಾತ್ರಿ ವಿದ್ಯಾರ್ಥಿನಿಲಯದಲ್ಲಿಯೇ ಇರಿಸಿಕೊಂಡು, ತರಗತಿಗಳನ್ನೂ ತೋರಿಸುವ ಏರ್ಪಾಡು ಅಲ್ಲಿದೆ. ಅವಳ ಆಸಕ್ತಿ ಸಮುದ್ರವಿಜ್ಞಾನದಲ್ಲಿ. ನಮ್ಮ ಕಿವಿಯಲ್ಲಿ ನಿಂತದ್ದು ಮಾತ್ರ ‘ಸೈನ್ಯ’ ಎಂಬ ಒಂದೇ ಶಬ್ದ.

1845ರಲ್ಲಿ ಸ್ಥಾಪನೆಯಾದ ಆ ಕಾಲೇಜು 1976ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ. ಬೋಧನಾ ಶುಲ್ಕವಿಲ್ಲ. ಸಾಹಿತ್ಯವನ್ನೇ ಆರಿಸಿಕೊಂಡವರಿಗೂ ಕೊನೆಗೆ ದೊರೆಯುವುದು ವಿಜ್ಞಾನದ ಪದವಿ. ಪ್ರತಿಯಾಗಿ ಕನಿಷ್ಠ ಐದು ವರ್ಷ ಸೈನ್ಯಸೇವೆ ಸಲ್ಲಿಸಬೇಕು. ಈ ಕೊನೆಯ ಮಾತೇ ನಮ್ಮನ್ನು ಕಾಡಿತು. ಊರಿನಲ್ಲಿ ಅನ್ಯರ ಮಕ್ಕಳು ಸೈನ್ಯ ಸೇರಿದಾಗ ಸಭೆಯಲ್ಲಿ ಶಾಲು ಹೊದಿಸಿ ಕೊಂಡಾಡಿದವರು ನಾವೇ. ನಮ್ಮ ಮನೆಯ ಮಗು ಹೊರಟು ನಿಂತಾಗ ಎದೆ ನಡುಗಿತು.

ಅಂದು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಒಬ್ಬರಿಗೆ ಅವಳ ಊಟದ ಚಿಂತೆ, ಇನ್ನೊಬ್ಬರಿಗೆ ಆಯುಧದ ಚಿಂತೆ. ಚಿಕ್ಕಂದಿನಲ್ಲಿ ದೀಕ್ಷೆ ಪಡೆದ ಮಗು, ಅಷ್ಟೊಂದು ಜನರ ನಡುವೆ ಇಷ್ಟಲಿಂಗವನ್ನು ಸಂಕೋಚದಿಂದ ಚೀಲದೊಳಗೆ ಇರಿಸಿಬಿಡುವಳೇನೋ ಎಂಬ ಚಿಂತೆ ಇಬ್ಬರಿಗೂ ಇತ್ತು.

ಮರುದಿನ ಮಧ್ಯಾಹ್ನ ಕರೆತರಲು ಹೋದಾಗ ಅವಳು ಮೊದಲು ನಮ್ಮನ್ನು ಒಂದು ಅಂಗಳಕ್ಕೆ ಕರೆದೊಯ್ದಳು. ನೆಲದಲ್ಲಿ ಸಾಲಾಗಿ ಲೋಹದ ಬಿಲ್ಲೆಗಳನ್ನು ಹುದುಗಿಸಿದ್ದರು. ಎಳೆಯ ಮಗುವಾಗಿ ತಂದೆತಾಯಿಗಳೊಡನೆ ಅಮೆರಿಕಕ್ಕೆ ವಲಸೆ ಬಂದ ಆಲ್ಬರ್ಟ್ ಮೈಕಲ್ಸನ್ ಇದೇ ಕಾಲೇಜಿನಲ್ಲಿ ಓದಿ, ಇಲ್ಲಿಯೇ ಅಧ್ಯಾಪಕರಾಗಿ, 1879ರಲ್ಲಿ ಬೆಳಕಿನ ವೇಗವನ್ನು ಅಳೆದ ರೇಖೆಯ ಗುರುತು ಅದು. ಸುಮಾರು 2,000 ಅಡಿ ಅಂತರದಲ್ಲಿ ಎರಡು ಕನ್ನಡಿಗಳು. ಒಂದು ಸ್ಥಿರ, ಇನ್ನೊಂದು ಸೆಕೆಂಡಿಗೆ ಸುಮಾರು 256 ಬಾರಿ ತಿರುಗುವಂಥದು. ಬೆಳಕು ಹೋಗಿ ಮರಳುವಷ್ಟರಲ್ಲಿ ತಿರುಗುವ ಕನ್ನಡಿ ತುಸು ಹೊರಳಿರುತ್ತದೆ. ಆ ತುಸುವಿನಿಂದಲೇ ವೇಗದ ಲೆಕ್ಕ. ಅವರಿಗೆ ದೊರೆತದ್ದು ಸೆಕೆಂಡಿಗೆ 2,99,910 ಕಿ.ಮೀ.; ಇಂದು ಒಪ್ಪಿರುವುದು 2,99,792 ಕಿ.ಮೀ. 1907ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಕತ್ತಿಯ ಮನೆಯೆಂದು ನಾವು ಬಗೆದಿದ್ದಲ್ಲಿ ಬೆಳಕನ್ನು ಅಳೆದವರೂ ಇದ್ದರು.

ಕಾರಿನಲ್ಲಿ ಕುಳಿತ ಮೇಲೆ ನಾವು ಕೇಳದೆಯೇ ಅವಳು ಹೇಳಿದಳು. ನಾಲ್ಕು ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಉಣ್ಣುವ ಭೋಜನಶಾಲೆಯಲ್ಲಿ ಅನ್ನ, ಕಾಳು, ಹಣ್ಣು ತಿಂದಳಂತೆ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ಎದ್ದು ನೆಲದ ಮೇಲೆ ಟವೆಲ್ ಹಾಸಿ ಲಿಂಗಪೂಜೆಗೆ ಕುಳಿತಳಂತೆ. ಕೋಣೆಯ ಹುಡುಗಿ ಎಚ್ಚರಗೊಂಡು, ದೀಪ ಹಾಕದೆ, ಮುಗಿಯುವವರೆಗೂ ಸುಮ್ಮನಿದ್ದಳಂತೆ. ಆ ಅನ್ಯಧರ್ಮೀಯ ಮಗುವಿಗೆ ನಾವು ಮನಸ್ಸಿನಲ್ಲಿಯೇ ಶರಣೆಂದೆವು.

ಬಳಿಕ ಅವಳ ಧ್ವನಿ ಇಳಿಯಿತು. ತರಗತಿಯಲ್ಲಿ ಸಮುದ್ರದೊಳಗಿನ ಶಬ್ದದ ಪಾಠ ನಡೆದಿತ್ತು. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ನೀರಿನ ಬಿಸುಪು, ಉಪ್ಪು, ಆಳ ಬದಲಾದಂತೆ ಅದರ ದಾರಿಯೂ ಬಾಗುತ್ತದೆ. ಈ ಅರಿವಿನಿಂದ ಕಡಲ ತಳವನ್ನು ಅಳೆಯಬಹುದು. ಜಲಾಂತರ್ಗಾಮಿಯನ್ನು ಹುಡುಕಿ ಹೊಡೆಯಲೂಬಹುದು.

“ಅಜ್ಜಾ, ಅಜ್ಜೀ, ವಿದ್ಯೆ ಒಂದೇ. ಎರಡನೆಯದನ್ನು ಮಾಡೆಂದು ನನಗೆ ಆಜ್ಞೆಯಾದರೆ?”

ಇಷ್ಟು ವರ್ಷ ಪ್ರವಚನ ಕೇಳಿದ ನಮಗೆ ಉತ್ತರ ಹೊಳೆಯಲಿಲ್ಲ. ಬಹಳ ಹೊತ್ತಿನ ಮೇಲೆ, “ಈ ಪ್ರಶ್ನೆಯನ್ನು ಎಲ್ಲಿಯೂ ಬಿಡಬೇಡ, ತಾಯಿ” ಎಂದಷ್ಟೇ ಹೇಳಿದೆವು.

2024ರ ಬೇಸಗೆಯಲ್ಲಿ ಅವಳು ಆ ಕಾಲೇಜನ್ನು ಸೇರಿದಳು. ನಾವು ತಡೆಯಲಿಲ್ಲ, ನಮ್ಮ ಭಯವೂ ಹೋಗಲಿಲ್ಲ. ಕಾಯಕವನ್ನು ಆರಿಸಿಕೊಳ್ಳುವವರು ಮಕ್ಕಳು. ಅದರಲ್ಲಿ ಎಚ್ಚರ ತಪ್ಪದಂತೆ ಹಾರೈಸುವುದಷ್ಟೇ ಹಿರಿಯರ ಪಾಲು. ಈಗ ದಿನವೂ ಪೂಜೆಯ ಹೊತ್ತಿನಲ್ಲಿ ನಾವು ಅವಳ ಕ್ಷೇಮವನ್ನು ಬೇಡುತ್ತೇವೆ. ಅದರೊಡನೆ, ಅವಳ ಕೈಯಿಂದ ಯಾರ ಮನೆಯ ದೀಪವೂ ನಂದದಿರಲೆಂದೂ ಬೇಡಿಕೊಳ್ಳುತ್ತೇವೆ.