ಅಜ್ಜನ ಅಂಬಾಸಡರ್ ಸ್ಟೀರಿಂಗ್ ಯಾಕ ಬಿಗಿ?

ಕುರ್ತಕೋಟಿ ಅಂದಕೂಡಲೇ ನಮ್ಮ ಕನ್ನಡ ಕ್ಲಬ್ಬಿನವರು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಹೆಸರು ತೆಗೀತಾರೆ. ತೆಗೀಬೇಕಾದದ್ದೇ. ಆದರೆ ನಾವು ಆ ಊರಿನ ಮೊಮ್ಮಕ್ಕಳು, ಇಂಗ್ಲಿಷ್ ಮೀಡಿಯಂನಾಗ ಕಲಿತವರು. ನಮಗೆ ಊರು ಅಂದ್ರೆ ಮೊದಲು ಕಣ್ಣಿಗೆ ಬರೋದು ಅಜ್ಜನ 1986ರ ಅಂಬಾಸಡರ್. ನಾವು ಅಂದ್ರೆ ಮೂರು ಮಂದಿ: ಕಾಕಾನ ಮಕ್ಕಳಿಬ್ಬರು, ಮತ್ತೆ ಇದನ್ನು ಬರೀತಿರೋ ಮೆಕ್ಯಾನಿಕಲ್ ಎರಡನೇ ವರ್ಷದ ಪ್ರಾಣಿ. ಕೆಲಸ ಮೂವರೂ ಕೂಡಿ ಮಾಡಿದ್ದು. ಅದಕ್ಕೇ ಇಲ್ಲಿ 'ನಾನು' ಬರೋದಿಲ್ಲ.

ಅಜ್ಜನಿಗೆ ಈಗ 76. ಬಲಭುಜ ಹಿಡಕೊಂಡಿದೆ. ಹುಲಕೋಟಿಗೆ ಬಂದು ಹೆದ್ದಾರಿ ಸೇರಿ ಗದಗಿಗೆ ಹೋಗೋವಾಗ ಅವನಿಗೆ ತೊಂದರೆ ಇಲ್ಲ. ಓಡೋ ಗಾಡಿಯ ಸ್ಟೀರಿಂಗ್ ಯಾವಾಗಲೂ ಹಗುರ. ತೊಂದರೆ ಮನಿ ಮುಂದೆ ಗಾಡಿ ತಿರುಗಿಸುವಾಗ, ಹೊಲದ ದಾರಿಯೊಳಗೆ ರಿವರ್ಸ್ ತಗೊಳ್ಳುವಾಗ. ಎರಡು ವರ್ಷದಿಂದ ಗಾಡಿ ಹೆಚ್ಚುಕಡಿಮೆ ನಿಂತೇ ಇತ್ತು. ಬ್ಯಾಸಗಿ ಸೂಟಿಗೆ ಹೋದಾಗ ಅಜ್ಜ ಒಂದೇ ಮಾತು ಕೇಳಿದ: "ಇಂಜಿನಿಯರ್ ಆಗಾಕತ್ತೀರಿ, ಇದನ್ನ ಹಗುರ ಮಾಡಾಕ ಬರೂದಿಲ್ಲೇನು?"

ನಮ್ಮ ತಲೆಗೆ ಬಂದ ಮೊದಲ ಉತ್ತರ ಪವರ್ ಸ್ಟೀರಿಂಗ್. ಗುಜರಿಗೆ ಬಿದ್ದ ಸಣ್ಣ ಮಾರುತಿ ಕಾರಿನಿಂದ ಮೋಟಾರು ಸಹಿತ ಸ್ಟೀರಿಂಗ್ ಕಾಲಮ್ ತೆಗೆದು ಹಳೆ ಗಾಡಿಗೆ ಕೂಡಿಸೋದು ಈಗ ಬಹಳ ಮಂದಿ ಮಾಡ್ತಾರೆ. ಯೂಟ್ಯೂಬ್ ತುಂಬ ಅದೇ. ಆದರೆ ಗದಗಿನ ಮೇಸ್ತ್ರಿ ವಿಡಿಯೋ ನೋಡಲಿಲ್ಲ. "ಮೊದಲ ಮುಂದಿನ ಎರಡೂ ಗಾಲಿ ಎತ್ತರೀ" ಅಂದ.

ಎತ್ತಿದೆವು. ಗಾಲಿ ನೆಲ ಮುಟ್ಟದಿದ್ದರೆ ಟೈರಿನ ತಿಕ್ಕಾಟ ಇರೋದಿಲ್ಲ, ಸ್ಟೀರಿಂಗ್ ಒಂದು ಬೆರಳಿಗೆ ತಿರುಗಬೇಕು. ತಿರುಗಲಿಲ್ಲ! ಆಮೇಲೆ ಟೈ ರಾಡ್ ಎರಡನ್ನೂ ಗಾಲಿ ಕಡೆಯಿಂದ ಬಿಚ್ಚಿದೆವು. ಈಗ ಸ್ಟೀರಿಂಗ್ ಬೆಣ್ಣೆಯಂಗ ತಿರುಗಿತು. ಅಂದ್ರೆ ರ‍್ಯಾಕ್ ಸರಿ ಇದೆ, ಕಾಲಮ್ ಸರಿ ಇದೆ. ಬಿಗಿತ ಕೂತಿರೋದು ಗಾಲಿಯ ಹತ್ತಿರ, ಸ್ವಿವೆಲ್ ಪಿನ್ನಿನಾಗ. ಈಗಿನ ಕಾರಿನ ಬಾಲ್ ಜಾಯಿಂಟಿಗೆ ಗ್ರೀಸ್ ಒಳಗೇ ತುಂಬಿ ಸೀಲ್ ಮಾಡಿರ್ತಾರೆ, ನಾವು ಕೈ ಹಚ್ಚೋ ಹಂಗಿಲ್ಲ. ಅಂಬಾಸಡರ್‌ದು ಹಂಗಲ್ಲ, ಗ್ರೀಸ್ ಗನ್ ಹಿಡಿದು ನಿಪ್ಪಲ್‌ನಿಂದ ಹೊಸ ಗ್ರೀಸ್ ಒತ್ತುತ್ತಲೇ ಇರಬೇಕು. ನಮ್ಮ ಗಾಡಿಯ ನಿಪ್ಪಲ್ಲುಗಳ ಮ್ಯಾಲೆ ಎರೆಮಣ್ಣು ಒಣಗಿ ಸಿಮೆಂಟ್ ಆಗಿತ್ತು. ಒಳಗಿನ ಗ್ರೀಸು ಮೇಣ.

ಎರೆಮಣ್ಣಿನ ಬಗ್ಗೆ ಒಂದು ಮಾತು. ಮಳೆ ಬಿದ್ದರೆ ಉಬ್ಬುತ್ತದೆ, ಬ್ಯಾಸಗಿಗೆ ಕೈ ಹೋಗೋವಷ್ಟು ಬಿರಿಯುತ್ತದೆ. ಅದರ ಮ್ಯಾಲೆ ಹಾಕಿದ ಡಾಂಬರು ಅಲೆ ಅಲೆ ಆಗೋದು ಬರೇ ಗುತ್ತಿಗೆದಾರರ ಕರಾಮತ್ತಲ್ಲ, ಅರ್ಧ ಆ ಮಣ್ಣಿನ ಗುಣ. ಇಂಥ ದಾರಿಗೆ ಅಂಬಾಸಡರ್ ಹೊಂದಿಕೊಂಡದ್ದಕ್ಕೆ ಕಾರಣ ಅದರ ಮುಂದಿನ ಟಾರ್ಶನ್ ಬಾರ್. ಈ ಕಾರಿನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಲೆಕ್ ಇಸಿಗೊನಿಸ್ 1948ರ ಮೋರಿಸ್ ಮೈನರ್‌ಗೆ ಟಾರ್ಶನ್ ಬಾರ್, ರ‍್ಯಾಕ್ ಅಂಡ್ ಪಿನಿಯನ್ ಎರಡೂ ಕೊಟ್ಟಿದ್ದ. ಅದೇ ವಿಚಾರ ಆಕ್ಸ್‌ಫರ್ಡ್ ಮೂಲಕ ಬಂಗಾಲದ ಉತ್ತರಪಾರಾ ಕಾರ್ಖಾನೆಗೆ ಬಂತು, 2014ರಲ್ಲಿ ಅಂಬಾಸಡರ್ ತಯಾರಿಕೆ ನಿಲ್ಲೋತನಕ ಉಳೀತು.

ಟಾರ್ಶನ್ ಬಾರ್ ಅಂದ್ರೆ ಸ್ಪ್ರಿಂಗ್ ಸುತ್ತದೆ ನೆಟ್ಟಗೆ ಬಿಟ್ಟ ಉಕ್ಕಿನ ಸಲಾಕಿ. ಒಂದು ತುದಿ ಗಾಲಿಯ ಕೆಳಗಿನ ತೋಳಿಗೆ, ಇನ್ನೊಂದು ತುದಿ ಹಿಂದೆ ಗಾಡಿಯ ಹೊಟ್ಟೆಗೆ ಬಿಗಿ. ಗಾಲಿ ಮೇಲೆದ್ದರೆ ಸಲಾಕಿ ತಿರುಚಿಕೊಳ್ಳುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಮೂರನೇ ಸೆಮಿಸ್ಟರಿನಾಗ ಟಾರ್ಶನ್ ಸೂತ್ರ ಬಾಯಿಪಾಠ ಮಾಡಿ ಪಾಸಾದವರು ನಾವು. ಅಜ್ಜ ಅದನ್ನು ಒಂದೇ ಮಾತಿನಾಗ ಹೇಳಿದ: "ಹಸೀ ಧೋತರ ಹಿಂಡಿದಂಗ."

ಗಾಡಿಯ ಮೂತಿ ಎಡಕ್ಕೆ ಸ್ವಲ್ಪ ಕುಸಿದಿತ್ತು. ಕಾಕಾನ ದೊಡ್ಡ ಮಗ ದಪ್ಪ ಸಲಾಕಿ ಮಾಡಿಸೋಣ ಅಂದ. ಇಲ್ಲಿ ಸೂತ್ರ ಉಪಯೋಗಕ್ಕೆ ಬಂತು ನೋಡ್ರಿ. ಸಲಾಕಿಯ ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ವ್ಯಾಸ 10% ಹೆಚ್ಚಾದರೆ ಬಿಗಿತ 46% ಹೆಚ್ಚು. ನಮ್ಮ ಅಲೆ ಅಲೆ ರಸ್ತೆಯಲ್ಲಿ ಅಷ್ಟು ಗಟ್ಟಿ ಗಾಡಿ ಓಡಿಸಿದರೆ ಅಜ್ಜನ ಭುಜದ ಜೊತೆಗೆ ಬೆನ್ನೂ ಹೋಗ್ತದೆ. ಮತ್ತೆ ಉಕ್ಕು ಮುಪ್ಪಾದರೆ ಮೆತ್ತಗಾಗೋದಿಲ್ಲ. ವರ್ಷಗಟ್ಟಲೆ ಭಾರ ಹೊತ್ತು ಸ್ವಲ್ಪ ತಿರುಚಿದ ಹಂಗೇ ಉಳೀತದೆ, ಅಷ್ಟೇ. ಹಿಂದಿನ ಹಿಡಿತದಾಗ ಸಲಾಕಿಯನ್ನು ಒಂದಿಷ್ಟು ತಿರುಗಿಸಿ ಕೂಡಿಸಿದರೆ ಎತ್ತರ ಮರಳಿ ಬರುತ್ತದೆ, ಬಿಗಿತ ಮೊದಲಿನಷ್ಟೇ ಇರುತ್ತದೆ. ಮೇಸ್ತ್ರಿ ಹಂಗೇ ಮಾಡಿದ. ಎಡ ಬಲ ಸಲಾಕಿ ಅದಲಿಬದಲಿ ಆಗಬಾರದು ಅಂತ ಸುಣ್ಣದಲ್ಲಿ ಗುರುತು ಹಾಕಿದ್ದೂ ಅವನೇ.

ಹೊಸ ಸ್ವಿವೆಲ್ ಪಿನ್ನು, ಬುಷ್ಷು, ರಬ್ಬರು ಬೆಂಗಳೂರಿನ ಜೆ.ಸಿ. ರೋಡಿನಿಂದ ಬಂದವು. ಶಾಕ್ ಅಬ್ಸಾರ್ಬರ್ ಹೊಸವು. ಕೊನೆಗೆ ಗದಗಿನಾಗ ಅಲೈನ್‌ಮೆಂಟ್. ಸಾಮಾನು ತೂಗೋ ಸ್ಪ್ರಿಂಗ್ ಕೊಂಡಿಯನ್ನು ಸ್ಟೀರಿಂಗ್ ಅಂಚಿಗೆ ಸಿಗಿಸಿ ಎಳೆದು ಮೊದಲೇ ಅಳತೆ ತಗೊಂಡಿದ್ದೆವು: ಸಿಮೆಂಟಿನ ಕಟ್ಟೆ ಮ್ಯಾಲೆ ನಿಂತ ಗಾಡಿಗೆ 12 ಕೆಜಿ. ಕೆಲಸ ಆದಮೇಲೆ ಅದೇ ಜಾಗದಾಗ 8 ಕೆಜಿ. ಏನೂ ಹೊಸದು ಕೂಡಿಸದೆ, ಅದು ಮೊದಲು ಇದ್ದ ಹಂಗ ಮಾಡಿದ್ದಕ್ಕೇ ಇಷ್ಟು. ಅಂಬಾಸಡರ್ ಸ್ಟೀರಿಂಗ್ ಹುಟ್ಟಾ ಭಾರ ಅಂತ ಹೇಳ್ತಾರಲ್ಲ, ಅದರಾಗ ಮೂರನೇ ಒಂದು ಪಾಲು ನಮ್ಮ ಮನಿಯ ಆಲಸ್ಯವೇ ಆಗಿತ್ತು.

ಆದರೆ 8 ಕೆಜಿಯೂ ಆ ಭುಜಕ್ಕೆ ಹೆಚ್ಚೇ. ಹಂಗಾಗಿ ಪವರ್ ಸ್ಟೀರಿಂಗ್ ಮಾತು ಮತ್ತೆ ಎದ್ದಿತು. ಬೇರೆ ಕಾರಿನ ರ‍್ಯಾಕನ್ನೇ ತಂದು ಕೂಡಿಸೋದು ಬ್ಯಾಡ ಅಂತ ನಾವು ಮೂವರೂ ಒಪ್ಪಿದ್ದೇವೆ. ರ‍್ಯಾಕಿನ ಉದ್ದ ಸಸ್ಪೆನ್ಶನ್ ತೋಳುಗಳ ಕೀಲಿಗೆ ಹೊಂದಬೇಕು. ಹೊಂದದಿದ್ದರೆ ಗುಂಡಿಗೆ ಗಾಲಿ ಬಿದ್ದಾಗೆಲ್ಲ ಗಾಡಿ ತಾನೇ ಆಕಡೆ ಈಕಡೆ ತಿರುಗ್ತದೆ, ಮತ್ತೆ ನಮ್ಮ ದಾರಿಯಲ್ಲಿ ಗುಂಡಿಗೇನೂ ಬರಗಾಲ ಇಲ್ಲ. ಕಾಲಮ್ ಮೋಟಾರಾದರೆ ಹಳೇ ರ‍್ಯಾಕ್ ಉಳೀತದೆ. ಆದರೆ ನಮ್ಮ ಗಾಡಿಯ ಗೇರ್ ಕಡ್ಡಿ ಕಾಲಮ್ಮಿಗೇ ಹತ್ತಿಕೊಂಡದ್ದು; ಕಾಲಮ್ ಕೊಯ್ದರೆ ಗೇರಿನ ಜೋಡಣೆಯೂ ಕದಲ್ತದೆ. ಮೋಟಾರಿಗೆ ಬೇಕಾದ ಕರೆಂಟು ಕೊಡಾಕ ಹಳೇ ಚಾರ್ಜಿಂಗಿಗೆ ತ್ರಾಣ ಬೇಕು. ಕಾಯ್ದೆ ಬೇರೆ ಇದೆ: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಭಿನ್ನ ಆಗೋ ಹಂಗ ಗಾಡಿ ಬದಲಿಸೋ ಹಂಗಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಗಟ್ಟಿ ಮಾಡಿ ಹೇಳಿದೆ. ವಿಡಿಯೋದವರು ಇದನ್ನು ಹೇಳೋದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ತಕರಾರು ಅಡುಗಿಮನಿಯಿಂದ ಬಂತು. ಅತ್ತಿ ಹೇಳಿದಳು: "ಸ್ಟೀರಿಂಗ್ ಬಿಗಿ ಐತಿ ಅಂತ ಮುದುಕ ಮನ್ಯಾಗ ಅದಾನ. ಹಗುರ ಮಾಡಿ ರಸ್ತಾದ ಮ್ಯಾಲೆ ಬಿಡತೀರೇನು?" ಇದಕ್ಕೆ ನಮ್ಮ ಯಾವ ಸೂತ್ರದಾಗೂ ಉತ್ತರ ಇರಲಿಲ್ಲ. ಕಾಕಾ ಅತ್ತಿಯ ಕಡೆ. ಅಜ್ಜ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ನಮಗನಿಸೋದು ಇಷ್ಟು: ಒಬ್ಬ ಮನುಷ್ಯನನ್ನು ಮನಿಯೊಳಗೆ ಇಡಾಕ ಒಣಗಿದ ಗ್ರೀಸನ್ನು ಕೀಲಿಕೈ ಮಾಡೋದು ಸರಿಯಲ್ಲ. ಅವನು ಓಡಿಸಬಾರದು ಅಂದ್ರೆ ಎದುರಿಗೆ ಕೂತು ಹೇಳಬೇಕು. ಆದರೆ ಹೇಳೋವಷ್ಟು ಧೈರ್ಯ ಮನಿಯೊಳಗೆ ಯಾರಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ.

ಬರೋ ಮಾರ್ಚಿಗೆ ಅಜ್ಜನ ಲೈಸೆನ್ಸ್ ಮುಗೀತದೆ. ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಕಣ್ಣು ತೋರಿಸಬೇಕು. ಡಾಕ್ಟರು ಸೈ ಅಂದ್ರೆ ಮೋಟಾರಿನ ವಿಚಾರ, ಅದೂ ಆರ್‌ಟಿಓದಾಗ ಕೇಳಿಕೊಂಡು. ಇಲ್ಲಾಂದ್ರೆ ನಾವು ಓಡಿಸ್ತೇವೆ, ಅವನು ಮುಂದೆ ಕೂಡ್ತಾನೆ ಅಂತ ಸದ್ಯಕ್ಕೆ ಒಪ್ಪಂದ ಆಗಿದೆ. ಅಲ್ಲಿಯತನಕ ಪ್ರತಿ ಅಮಾಸಿಗೆ ಟ್ರ್ಯಾಕ್ಟರ್ ಪೂಜಿ ಮುಗಿಸಿ ಅಜ್ಜ ಗ್ರೀಸ್ ಗನ್ ತಗೊಂಡು ಗಾಡಿಯ ಹತ್ತಿರ ಹೋಗ್ತಾನೆ. ಎಡಗೈಲೇ ಒತ್ತುತ್ತಾನಂತೆ. ಕಾಕಾ ಫೋಟೋ ಕಳಿಸಿದ್ದ.