ಭಾಯಿಚಾರಾ ಎಂಬ ಹೊಲದ ಮಾತು

ಸಿಸೌಲಿ ಎಂಬ ಹೆಸರು ನಮ್ಮ ರೈತ ಚಳವಳಿಯ ಹಳಬರಿಗೆ ಹೊಸದಲ್ಲ. ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಈ ದೊಡ್ಡ ಹಳ್ಳಿ ಜಾಟ್ ರೈತರ ನಾಯಕ ಮಹೇಂದ್ರ ಸಿಂಗ್ ಟಿಕಾಯತರ ಊರು. 1990ರ ದಶಕದ ಆರಂಭದಲ್ಲಿ ಡಂಕೆಲ್ ಪ್ರಸ್ತಾವವನ್ನು ಎದುರಿಸಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘವೂ ಟಿಕಾಯತರ ಭಾರತೀಯ ಕಿಸಾನ್ ಯೂನಿಯನ್ನೂ ಒಂದಾಗಿ ನಿಂತಿದ್ದವು. ನಮ್ಮವರ ಹೆಗಲ ಮೇಲೆ ಹಸಿರು ಶಾಲು, ಅವರ ತಲೆಯ ಮೇಲೆ ಹಸಿರು ಟೋಪಿ. ಇಬ್ಬರ ಹೊಲದಲ್ಲೂ ಕಬ್ಬು.

ಮಂಡ್ಯ ಸೀಮೆಯಲ್ಲಿ ಬೆಳೆದು ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನನಗೆ ಆ ನಾಡಿನ ಹೆಸರುಗಳು ಇನ್ನೊಂದು ಬಾಗಿಲಿನಿಂದಲೂ ಬಂದವು. ಮನೆಯಲ್ಲಿದ್ದ ಹಳೆಯ ಕಿತಾಬುಗಳ ಮೇಲೆ ದೇವಬಂದ್, ಥಾನಾ ಭವನ್, ಕಾಂಧ್ಲಾ ಎಂಬ ಊರುಗಳ ಹೆಸರಿರುತ್ತಿದ್ದವು. ಅಬ್ದುಲ್ ಕರೀಂ ಖಾನರ ಕೈರಾನಾ ಇರುವುದೂ ಅಲ್ಲೇ. ಅವರು ಕಲಿಸಿದ ಹಾಡುಗಾರಿಕೆ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರವರೆಗೆ ಹರಿದು ಬಂತು. ನಾವು ಮನೆಯಲ್ಲಾಡುವ ದಖನಿಯ ‘ಲೋಗಾಂ’, ‘ಬಾತಾಂ’ ಎಂಬ ಬಹುವಚನಗಳಿಗೂ ಯಮುನೆಯಾಚೆಯ ಹರಿಯಾಣದ ಜಾಟರ ಆಡುಮಾತಿಗೂ ನಂಟಿದೆ. ತುಘಲಕರ ಕಾಲದಲ್ಲಿ ದೆಹಲಿಯಿಂದ ದಕ್ಷಿಣಕ್ಕೆ ಬಂದವರು ಕಟ್ಟಿಕೊಂಡು ತಂದ ಬುತ್ತಿ ಇದು. ನವಾಬರ ಲಖನೌ ಉರ್ದುವಿಗಿಂತ ಆ ಉಳುವವರ ಒರಟು ಮಾತೇ ನನ್ನ ಕಿವಿಗೆ ಹತ್ತಿರ.

ಗಂಗಾ ಯಮುನೆಯರ ನಡುವಿನ ಈ ಭೂಮಿಯಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತು ‘ಭಾಯಿಚಾರಾ’. ಸೋದರಭಾವ ಎಂದು ನಾವು ಅನುವಾದ ಮಾಡಿ ಸುಮ್ಮನಾಗುತ್ತೇವೆ. ಆದರೆ ಬ್ರಿಟಿಷರ ಕಂದಾಯ ದಾಖಲೆಗಳಲ್ಲಿ ಅದು ಭೂಮಿಯ ಹಿಡುವಳಿಯ ಹೆಸರು. ಒಂದು ಕುಲದವರು ಊರಿನ ಭೂಮಿಯನ್ನು ತಮ್ಮೊಳಗೇ ಹಂಚಿಕೊಂಡು, ಕಂದಾಯಕ್ಕೆ ಒಟ್ಟಾಗಿ ಹೊಣೆಯಾಗುವ ಪದ್ಧತಿ ಅದು. ಮೇಲೆ ಜಮೀನ್ದಾರನಿಲ್ಲ, ಉಳುವವರೇ ಒಡೆಯರು. ಜಾಟರ ತಲೆಯೆತ್ತಿದ ನಡಿಗೆ, ಅಧಿಕಾರಿಯ ಮುಂದೆಯೂ ಕುರ್ಚಿ ಎಳೆದು ಕೂರುವ ಧೈರ್ಯ ಬಂದದ್ದು ಈ ಹಿಡುವಳಿಯಿಂದ. ಅಂದರೆ ಅಲ್ಲಿ ‘ಭಾಯಿ’ ಎಂದರೆ ಮೊದಲಿಗೆ ಭೂಮಿಯಲ್ಲಿ ಪಾಲುಳ್ಳವನು.

ಈ ಪಾಲುದಾರ ಕುಲಗಳು ಸೇರಿ ಆದದ್ದೇ ಖಾಪ್. ಸಿಸೌಲಿ ಬಾಲಿಯಾನ್ ಖಾಪಿನ ತಲೆಯೂರು. ಅದರ ಲೆಕ್ಕಕ್ಕೆ 84 ಹಳ್ಳಿಗಳು. ತಂದೆ ತೀರಿಕೊಂಡಾಗ ಎಂಟು ವರ್ಷದ ಹುಡುಗನಾಗಿದ್ದ ಮಹೇಂದ್ರ ಸಿಂಗರ ತಲೆಗೆ ಈ ಖಾಪಿನ ಪೇಟ ಕಟ್ಟಲಾಯಿತು. ಊರಿನ ಚೌಪಾಲಿನಲ್ಲಿ ಹಗ್ಗದ ಮಂಚಗಳು, ನಡುವೆ ಹುಕ್ಕಾ. ನೀರಿನ ಪಾಳಿ, ಬದುವಿನ ಜಗಳ, ಮದುವೆಯ ತಕರಾರು ಎಲ್ಲಕ್ಕೂ ಅಲ್ಲೇ ತೀರ್ಪು. ಇಸ್ಲಾಮಿಗೆ ಸೇರಿದ ಜಾಟರೂ ಈ ಸೀಮೆಯಲ್ಲಿದ್ದಾರೆ. ಅವರನ್ನು ‘ಮೂಲೇ ಜಾಟ್’ ಎನ್ನುತ್ತಾರೆ. ಮಸೀದಿಗೆ ಹೋದರೂ ಅವರ ಗೋತ್ರ ಬಿಟ್ಟುಹೋಗಲಿಲ್ಲ, ಹೊಲ ಬಿಟ್ಟುಹೋಗಲಿಲ್ಲ. ಹಾಗಾಗಿ ಪಂಚಾಯಿತಿಯ ಮಂಚದಲ್ಲಿ ಅವರಿಗೂ ಜಾಗವಿತ್ತು.

ಆದರೆ ಹಳ್ಳಿ ಎಂದರೆ ಮಂಚದ ಮೇಲೆ ಕೂತವರಷ್ಟೇ ಅಲ್ಲ. ನೇಗಿಲು ತಟ್ಟುವ ಮುಸ್ಲಿಂ ಕಮ್ಮಾರ, ಗಾಡಿ ಮಾಡುವ ಬಡಗಿ, ಎಣ್ಣೆ ತೆಗೆಯುವ ತೇಲಿ, ಬಟ್ಟೆ ಒಗೆಯುವ ಧೋಬಿ, ಕಬ್ಬು ಕಡಿಯುವ ದಲಿತ, ಇವರೆಲ್ಲ ಸುಗ್ಗಿಯಲ್ಲಿ ಕಾಳು ಪಡೆದು ದುಡಿಯುತ್ತಿದ್ದವರು. ಅವರಿಗೆ ಪ್ರೀತಿ ಸಿಗುತ್ತಿರಲಿಲ್ಲ ಎಂದಲ್ಲ. ಮದುವೆಗೆ ಕರೆ, ಹಬ್ಬಕ್ಕೆ ಬೆಲ್ಲ, ಚಾಚಾ ತಾವೂ ಎಂಬ ಮಾತು ಎಲ್ಲವೂ ಇತ್ತು. ಇರದಿದ್ದದ್ದು ತೀರ್ಪು ಹೇಳುವ ಹಕ್ಕು. ಹೆಂಗಸರಿಗೂ ಅದು ಇರಲಿಲ್ಲ. ಹೊಲದಲ್ಲಿ ಗಂಡಿಗಿಂತ ಹೆಚ್ಚು ಬೆವರು ಸುರಿಸುವ ಜಾಟ್ ಹೆಣ್ಣು ಚೌಪಾಲಿನ ಮುಂದೆ ಸೆರಗು ಎಳೆದುಕೊಂಡು ಹಾದುಹೋಗಬೇಕಿತ್ತು. ಗೋತ್ರದ ಕಟ್ಟಳೆ ಮೀರಿ ಮದುವೆಯಾದ ಹುಡುಗ ಹುಡುಗಿಯರ ಮೇಲೆ ಖಾಪುಗಳು ತೋರಿದ ಕ್ರೌರ್ಯವನ್ನು ದೇಶವೇ ನೋಡಿದೆ.

ಇಷ್ಟು ಮಿತಿಗಳ ನಡುವೆಯೂ ಈ ಹಳ್ಳಿ ಒಂದು ದೊಡ್ಡ ಕೆಲಸ ಮಾಡಿತು. 1986ರ ಅಕ್ಟೋಬರ್ 17ರಂದು ಸಿಸೌಲಿಯಲ್ಲಿ ಟಿಕಾಯತರ ನೇತೃತ್ವದಲ್ಲಿ ಕಿಸಾನ್ ಯೂನಿಯನ್ ಎದ್ದು ನಿಂತಿತು. ವಿದ್ಯುತ್ ದರ ಏರಿಸಿದ್ದಕ್ಕೆ ಶಾಮಲಿ ಬಳಿಯ ಕರ್ಮೂಖೇಡಿ ವಿದ್ಯುತ್ ಕೇಂದ್ರವನ್ನು 1987ರ ಜನವರಿಯಲ್ಲಿ ರೈತರು ಮುತ್ತಿದರು. ಆ ಚಳವಳಿಯಲ್ಲಿ ಮಾರ್ಚ್ 1ರಂದು ಪೊಲೀಸರ ಗುಂಡಿಗೆ ಇಬ್ಬರು ಬಿದ್ದರು. ಒಬ್ಬ ಜೈಪಾಲ್, ಇನ್ನೊಬ್ಬ ಅಕ್ಬರ್. ಅದೇ ವರ್ಷ ಮೇ ತಿಂಗಳಲ್ಲಿ ಪಕ್ಕದ ಮೀರತ್ ನಗರ ಕೋಮುಗಲಭೆಯಲ್ಲಿ ಬೆಂದಿತು. ಹಾಶಿಂಪುರಾದ ಮುಸ್ಲಿಂ ಗಂಡಸರನ್ನು ಸಶಸ್ತ್ರ ಪೊಲೀಸರು ಲಾರಿಯಲ್ಲಿ ಒಯ್ದು ಕೊಂದು ಕಾಲುವೆಗೆ ಎಸೆದರು. ಕೆಲವೇ ತಿಂಗಳ ನಂತರ, 1988ರ ಆರಂಭದಲ್ಲಿ, ಅದೇ ಮೀರತ್‌ಗೆ ಸಾವಿರಾರು ರೈತರು ಬಂದು ವಾರಗಟ್ಟಲೆ ಧರಣಿ ಕೂತರು. ಆ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯ ಬೋಟ್ ಕ್ಲಬ್ ಹುಲ್ಲುಹಾಸಿನ ಮೇಲೆ ಎತ್ತುಗಳನ್ನು ಕಟ್ಟಿ, ಒಲೆ ಹೂಡಿ ಬೀಡುಬಿಟ್ಟರು. ಟಿಕಾಯತರ ಬಲಗೈಯಾಗಿದ್ದವರು ಜೌಲಾ ಗ್ರಾಮದ ಗುಲಾಂ ಮೊಹಮ್ಮದ್. ವೇದಿಕೆಯಿಂದ ‘ಅಲ್ಲಾಹು ಅಕ್ಬರ್’ ಎಂದರೆ ‘ಹರ ಹರ ಮಹಾದೇವ’ ಎಂದು ಜನಸಾಗರ ಓಗೊಡುತ್ತಿತ್ತು. 1989ರಲ್ಲಿ ಒಬ್ಬ ಮುಸ್ಲಿಂ ಹುಡುಗಿಯ ಅಪಹರಣವಾದಾಗ ಈ ಜಾಟ್ ರೈತರು ಭೋಪಾದ ಗಂಗಾ ಕಾಲುವೆಯ ದಂಡೆಯಲ್ಲಿ ಒಂದು ತಿಂಗಳಿಗೂ ಮೀರಿ ಧರಣಿ ಕೂತರು. ಇದನ್ನು ನಾಟಕವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಳೆಯಲ್ಲಿ ನೆನೆದು, ಲಾಠಿ ತಿಂದು ಯಾರೂ ಅಷ್ಟು ದಿನ ನಾಟಕವಾಡುವುದಿಲ್ಲ.

ಆಮೇಲೆ ಏನಾಯಿತು? ಹೊಲಗಳು ಮಕ್ಕಳ ನಡುವೆ ಹಂಚಿ ಹರಿದು ಚಿಕ್ಕದಾದವು. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಬಾಕಿ ಉಳಿಸಿಕೊಂಡವು. ಓದಿದ ಹುಡುಗರಿಗೆ ನೌಕರಿಯಿಲ್ಲ. ಇತ್ತ ಕಾಳಿಗೆ ದುಡಿಯುತ್ತಿದ್ದ ಮುಸ್ಲಿಂ ಕುಶಲಕರ್ಮಿಗಳು ಊರೂರು ತಿರುಗಿ ಬಟ್ಟೆ ಮಾರಿ, ಇಟ್ಟಿಗೆ ಗೂಡುಗಳಲ್ಲಿ ದುಡಿದು, ಪೇಟೆಯಲ್ಲಿ ಗ್ಯಾರೇಜು ಇಟ್ಟು ನಾಲ್ಕು ಕಾಸು ಕಂಡರು. ಪಕ್ಕಾ ಮನೆ ಕಟ್ಟಿದರು. ಯಜಮಾನನ ಅಂಗಳದಲ್ಲಿ ನೆಲದ ಮೇಲೆ ಕೂರುತ್ತಿದ್ದವನ ಮಗ ಮೋಟರ್ ಸೈಕಲ್ಲಿನಲ್ಲಿ ಹಾದುಹೋದಾಗ ಕೆಲವರ ಕಣ್ಣು ಕೆಂಪಾಯಿತು. ಆ ಕಣ್ಣಿಗೆ ಬೇಕಾದ ಗಾಳಿ ಊದಲು ರಾಜಕಾರಣ ಕಾದಿತ್ತು. 2011ರ ಮೇ 15ರಂದು ಟಿಕಾಯತ್ ತೀರಿಕೊಂಡರು. 2013ರ ಆಗಸ್ಟ್ 27ರಂದು ಕವಾಲ್ ಗ್ರಾಮದಲ್ಲಿ ಒಬ್ಬ ಮುಸ್ಲಿಂ, ಇಬ್ಬರು ಜಾಟ್ ತರುಣರ ಕೊಲೆಯಾಯಿತು. ಸೆಪ್ಟೆಂಬರ್ 7ರ ಮಹಾಪಂಚಾಯತ್ತಿನ ನಂತರ ಹಳ್ಳಿಗಳಿಗೆ ಬೆಂಕಿ ಬಿತ್ತು. ಸತ್ತವರು 60ಕ್ಕೂ ಹೆಚ್ಚು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಮನೆ ಬಿಟ್ಟು ಓಡಿದವರು ಸುಮಾರು 50,000. ಹೀಗೆ ಓಡಿದವರಲ್ಲಿ ಬಹುಪಾಲು ಭೂಮಿಯಿಲ್ಲದವರು, ಅದೇ ಕಮ್ಮಾರ, ತೇಲಿ, ಧೋಬಿಗಳು. ಜೌಲಾ ಗ್ರಾಮ ನಿರಾಶ್ರಿತರ ಶಿಬಿರವಾಯಿತು. ಗುಲಾಂ ಮೊಹಮ್ಮದ್ ತಮ್ಮ ಬದುಕನ್ನೇ ತೇಯ್ದ ಯೂನಿಯನ್ನಿನಿಂದ ಹೊರನಡೆದರು.

ಕೆಲವು ವರ್ಷಗಳ ನಂತರ ದೆಹಲಿಗೆ ಹೋಗಿದ್ದ ನಾನು ಬಸ್ಸು ಹಿಡಿದು ಆ ಸೀಮೆಗೆ ಹೋದೆ. ರಸ್ತೆಯ ಎರಡೂ ಬದಿ ಕಬ್ಬು, ಬೆಲ್ಲ ಕಾಯುವ ವಾಸನೆ. ನಮ್ಮೂರ ಆಲೆಮನೆಯನ್ನು ಅವರು ಕೋಲ್ಹು ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಓಡಿ ಬಂದವರು ಕಟ್ಟಿಕೊಂಡ ಒಂದು ಕಾಲೊನಿಯಲ್ಲಿ ಮುದಿ ಕಮ್ಮಾರರೊಬ್ಬರು ಸಿಕ್ಕರು. ನನ್ನ ದಖನಿ ಕೇಳಿ ನಕ್ಕು, ಚಹಾ ತರಿಸಿದರು. ಬಿಟ್ಟುಬಂದ ಊರಿನ ಜಾಟರ ಬಗ್ಗೆ ಅವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆ ಊರಿನ ಯಾವ ಮನೆಗೆ ಎಂಥ ಕುಡುಗೋಲು ಮಾಡಿಕೊಟ್ಟೆನೆಂದು ವಿವರವಾಗಿ ಹೇಳಿದರು. ಪಂಚಾಯಿತಿಯಲ್ಲಿ ಎಂದಾದರೂ ಕೂತಿದ್ದಿರಾ ಚಾಚಾ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಂಚದ ಹಗ್ಗ ಬಿಗಿಯಲು, ಹುಕ್ಕಾದ ಕೊಳವೆ ಸರಿಮಾಡಲು ಹೋಗಿದ್ದರಂತೆ.

ಆಗಿನ ಸರಕಾರ ಒಂಬತ್ತು ಹಳ್ಳಿಗಳ ಸಂತ್ರಸ್ತ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಕೊಟ್ಟಿತು. ಊರಿಗೆ ಮರಳುವುದಿಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕೆಂಬುದು ಅದರ ಷರತ್ತು. ಬೆಂಕಿ ಹಚ್ಚಿದವರು ಬಯಸಿದ್ದನ್ನೇ ಸರಕಾರ ಮುದ್ರೆಯೊತ್ತಿ ಪೂರೈಸಿದಂತಾಯಿತು. ಆ ಒಂಬತ್ತು ಹಳ್ಳಿಗಳಲ್ಲಿ 1987ರಲ್ಲಿ ಗುಂಡಿಗೆ ಬಿದ್ದ ಜೈಪಾಲನ ಊರು ಲಿಸಾಢವೂ ಒಂದು.

2020-21ರ ರೈತ ಹೋರಾಟದಲ್ಲಿ ಹಳೆಯ ಕೊಂಡಿ ಮತ್ತೆ ಬೆಸೆಯಿತು. 2021ರ ಜನವರಿ 28ರ ರಾತ್ರಿ ಗಾಜಿಪುರ ಗಡಿಯಲ್ಲಿ ರಾಕೇಶ್ ಟಿಕಾಯತ್ ಕಣ್ಣೀರಿಟ್ಟ ಮರುದಿನ ಮುಜಫ್ಫರನಗರದಲ್ಲಿ ಮಹಾಪಂಚಾಯತ್ ಸೇರಿತು. ಗುಲಾಂ ಮೊಹಮ್ಮದ್ ಜೌಲಾ ಮತ್ತೆ ವೇದಿಕೆ ಏರಿದರು. ಮುಸ್ಲಿಮರನ್ನು ಕೊಂದದ್ದು ನಿಮ್ಮ ದೊಡ್ಡ ತಪ್ಪು ಎಂದು ಸಾವಿರಾರು ಜಾಟರ ಎದುರಿಗೇ ಹೇಳಿದರು. ಯಾರೂ ಅವರನ್ನು ಕೆಳಗಿಳಿಸಲಿಲ್ಲ. ಸೆಪ್ಟೆಂಬರ್ 5ರಂದು ಅದೇ ನಗರದಲ್ಲಿ ಆ ಎರಡು ಘೋಷಣೆಗಳು ಮತ್ತೆ ಜೊತೆಯಾಗಿ ಮೊಳಗಿದವು. ನವೆಂಬರ್‌ನಲ್ಲಿ ಮೂರು ಕೃಷಿ ಕಾಯ್ದೆಗಳು ರದ್ದಾದವು. ಮರುವರ್ಷ ಮೇ ತಿಂಗಳಲ್ಲಿ ಗುಲಾಂ ಮೊಹಮ್ಮದ್ ಕಣ್ಮುಚ್ಚಿದರು.

ಆ ಘೋಷಣೆಯನ್ನು ಟಿವಿಯಲ್ಲಿ ಕೇಳಿ ನನಗೂ ಗಂಟಲು ಕಟ್ಟಿತ್ತು. ಆದರೂ ಒಂದು ಮಾತು ಹೇಳಬೇಕು. ಈ ಭಾಯಿಚಾರಾ ಉಳುವವರ ನಡುವಿನದು. ಸರಕಾರ ಉಳುವವನ ಹೊಲಕ್ಕೆ ಕೈಹಾಕಿದಾಗ ಅದು ಎಚ್ಚರಗೊಳ್ಳುತ್ತದೆ, ಗೆಲ್ಲುತ್ತದೆ ಕೂಡ. ಹೊಲವೇ ಇಲ್ಲದವನ ಮನೆಗೆ ಬೆಂಕಿ ಬಿದ್ದಾಗ ಅದಕ್ಕೆ ನಿದ್ದೆ. ಇದು ಜಾಟರ ಹಳ್ಳಿಯ ಕಾಯಿಲೆಯಷ್ಟೇ ಅಲ್ಲ. ನಮ್ಮಲ್ಲೂ ಹಸಿರು ಶಾಲಿನ ಕೆಳಗೆ ಕಬ್ಬು ಕಡಿಯುವ ಕೂಲಿಯವರಿಗೆ ಎಷ್ಟು ಜಾಗ ಸಿಕ್ಕಿತು ಎಂದು ಕೇಳಿಕೊಳ್ಳಬಹುದು. ಹಿಂದೂ ಮುಸ್ಲಿಂ ಭಾಯಿ ಭಾಯಿ ಎಂಬುದನ್ನು ನಾವು ಸಾಮಾನ್ಯವಾಗಿ ಹೃದಯದ ವಿಷಯವೆಂದು ಬರೆಯುತ್ತೇವೆ. ಸಿಸೌಲಿಯ ಸೀಮೆ ಹೇಳುವುದು ಬೇರೆ. ಅದು ಪಾಲಿನ ವಿಷಯ, ಮಂಚದ ಮೇಲಿನ ಜಾಗದ ವಿಷಯ. ಆ ಮುದಿ ಕಮ್ಮಾರನಿಗೆ ಊರಿನ ತೀರ್ಪಿನಲ್ಲಿ ಒಂದು ಮಾತು ಇದ್ದಿದ್ದರೆ, ಅವನ ಮನೆಯ ಮುಂದೆ ದೊಂದಿ ಹಿಡಿದು ಬಂದವರು ಒಮ್ಮೆಯಾದರೂ ಯೋಚಿಸುತ್ತಿದ್ದರು.