ನೀಲಿ ತೋರಣ

ಫೋನಿನಲ್ಲಿ ಬರುವ ಶುಭಾಶಯಗಳ ಬಗ್ಗೆ ಸಾಗರದ ನಮ್ಮ ಸೋದರತ್ತೆಯದು ಒಂದೇ ತಕರಾರು: "ಚೆಂದ ಇರ್ತಾವೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಎಲ್ಲಿ ಸಿಗಿಸೋದು ಮಾರಾಯ?" ಅವರ ನಡುಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆಯಿದೆ. ಒಂದು ಕಾಲಕ್ಕೆ ಸಂಕ್ರಾಂತಿಯಿಂದ ದೀಪಾವಳಿಯವರೆಗಿನ ಕಾರ್ಡುಗಳೆಲ್ಲ ಅದರಲ್ಲಿ ನೇತಾಡುತ್ತಿದ್ದವು. ಈಚೆಗೆ ಅಲ್ಲಿ ಉಳಿದಿದ್ದದ್ದು ಕರೆಂಟ್ ಬಿಲ್ಲು ಮಾತ್ರ. ಆ ಮೊಳೆಯ ಮೇಲಿನ ಮರುಕದಿಂದ, ಈ ಸಲ ಯುಗಾದಿಗೆ ಮನೆಯಲ್ಲೇ ಕಾರ್ಡು ಮಾಡಿ ನೆಂಟರಿಗೆಲ್ಲ ಕಳಿಸುತ್ತೇನೆಂದು ಹೇಳಿಬಿಟ್ಟೆ.

ಕೈಗೆ ಅಭ್ಯಾಸವೇನೋ ಇತ್ತು. ಐದನೇ ಕ್ಲಾಸಿನಲ್ಲಿ ಬೆಂಡೆಕಾಯಿಯನ್ನು ಅಡ್ಡ ಕೊಯ್ದು, ಬಣ್ಣಕ್ಕೆ ಅದ್ದಿ, ಐದೆಸಳಿನ ಹೂ ಒತ್ತಿದವರು ನಾವು. ಎಲೆಯಿಟ್ಟು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ಸಿಡಿಸಿದ್ದೂ ಉಂಟು. ಅರ್ಧ ಕಾರ್ಡಿಗೆ, ಅರ್ಧ ಅಂಗಿಗೆ. ಒಮ್ಮೆ ಧೈರ್ಯ ಹೆಚ್ಚಾಗಿ ಆಲೂಗಡ್ಡೆಯ ಮೇಲೆ 'ಶುಭಾಶಯ' ಎಂದೇ ಕೊರೆದೆ. ಅಚ್ಚಿನಲ್ಲಿ ಅಕ್ಷರ ತಿರುಗುಮುರುಗಾಗಿ ಕೊರೆಯಬೇಕೆಂಬುದು ಒತ್ತಿದ ಮೇಲೆ ತಿಳಿಯಿತು. ಅಪ್ಪ ಎಸೆಯಲಿಲ್ಲ. ಕೆಳಗೆ 'ಕನ್ನಡಿ ಹಿಡಿದು ಓದುವುದು' ಎಂದು ಬರೆದು, ಲಕೋಟೆಯ ಬಾಯಿ ಅಂಟಿಸದೆ ಒಳಕ್ಕೆ ಸಿಕ್ಕಿಸಿ, ಮೂಲೆಯಲ್ಲಿ 'ಬುಕ್ ಪೋಸ್ಟ್' ಎಂದು ಬರೆದು ಕಡಿಮೆ ಸ್ಟಾಂಪಿನಲ್ಲೇ ಕಳಿಸಿದರು.

ಈಗ ಕಂಪ್ಯೂಟರಿದೆ, ತಿರುಗುಮುರುಗಿನ ಕಾಟವಿಲ್ಲ ಎಂದುಕೊಂಡಿದ್ದೆ. ಮೊದಲು ಕೈಕೊಟ್ಟಿದ್ದು ಕಾಗದ. 250 ಜಿಎಸ್ಎಂನ ದಪ್ಪ ಹಾಳೆ ತಂದರೆ ಪ್ರಿಂಟರು ಅರ್ಧ ನುಂಗಿ ಗಂಟಲಿಗೆ ಸಿಕ್ಕಿಸಿಕೊಂಡಿತು. ಕೊನೆಗೆ ಉಪಾಯ ಹೊಳೆದದ್ದು ಮಗಳಿಗೆ: ಮಾಮೂಲಿ ಎ4 ಹಾಳೆಯನ್ನೇ ನಾಲ್ಕಾಗಿ ಮಡಚುವುದು. 105 ಮಿಲಿಮೀಟರ್ ಅಗಲ, 148 ಉದ್ದದ ಕಾರ್ಡಾಗುತ್ತದೆ, ಎರಡು ಪದರವಾದ್ದರಿಂದ ಮೈಯೂ ಬರುತ್ತದೆ, ಒಂದೇ ಮಗ್ಗುಲು ಮುದ್ರಿಸಿದರೆ ಸಾಕು. ಆದರೆ ಕೆಳಗಿನ ಬಲ ಕಾಲುಭಾಗ ಮುಖಪುಟ, ಎಡ ಕಾಲುಭಾಗ ಬೆನ್ನು, ಮೇಲಿನ ಎರಡು ಕಾಲುಭಾಗ ಒಳಪುಟ. ಮತ್ತು ಒಳಪುಟ ತಲೆಕೆಳಗಾಗಿಯೇ ಅಚ್ಚಾಗಬೇಕು! ಆಲೂಗಡ್ಡೆ ನನ್ನನ್ನು ಬಿಟ್ಟಿರಲಿಲ್ಲ. ಒಂದು ರದ್ದಿ ಹಾಳೆ ಮಡಚಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಬಿಚ್ಚಿ ನೋಡಿದ ಮೇಲೇ ನಂಬಿಕೆ ಬಂದದ್ದು. ಶಾಯಿ ಮುಗಿದ ರೀಫಿಲ್ಲನ್ನು ಸ್ಕೇಲಿಗೊತ್ತಿ ಗೀರಿಕೊಂಡರೆ ಮಡಿಕೆ ನೆಟ್ಟಗೆ ಕೂರುತ್ತದೆ.

ಇನ್ನು ಕನ್ನಡ. 'ನುಡಿ' ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಆ ಫಾಂಟಿಲ್ಲದ ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ತಲೆಯ ಮೇಲೆ ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳೂ ಪೌಂಡ್ ಚಿಹ್ನೆಯೂ ಸಾಲಾಗಿ ನಿಂತಿದ್ದವು. ಯೂನಿಕೋಡಿಗೆ ಬಂದೆ. ಚಿತ್ರ ಬಿಡಿಸುವ ಹಳೆಯ ತಂತ್ರಾಂಶಕ್ಕೆ ಒತ್ತಕ್ಷರ ಎಂದರೆ ಏನೆಂದೇ ಗೊತ್ತಿಲ್ಲ. ಒತ್ತುಗಳನ್ನು ಬಿಡಿಸಿ ಪಕ್ಕಪಕ್ಕ ಕೂರಿಸುತ್ತಿತ್ತು. 'ಹಾರ್ದಿಕ' ಮುರಿಯಿತು, 'ಹಬ್ಬ' ಮುರಿಯಿತು, 'ವರ್ಷ'ದ ಅರ್ಕಾವೊತ್ತು ದಿಕ್ಕಾಪಾಲಾಯಿತು. ಒತ್ತೇ ಇಲ್ಲದ ಪದ ಹುಡುಕುತ್ತ ಒಂದು ಸಂಜೆ ಕಳೆಯಿತು. ಉಳಿದದ್ದು ಇಷ್ಟು: 'ಯುಗಾದಿ ಬಂತು, ಹೊಸ ವರುಷ ಸಿಹಿಯಾಗಿರಲಿ.' ಭಾವಂದಿರೊಬ್ಬರು ಆಮೇಲೆ ಫೋನು ಮಾಡಿ, "ವರುಷ ಅಂತ ಬರೆದಿದ್ದೀಯ, ಕವಿಯಾಗಿಬಿಟ್ಟೆ" ಎಂದರು. ನಾನು ಒಪ್ಪಿಕೊಂಡೆ.

ಮುಖಪುಟಕ್ಕೆ ಮಾವಿನ ತೋರಣ. ಮೂರು ಕಾರ್ಡು ಸೊಗಸಾಗಿ ಬಂದವು. ನಾಲ್ಕನೆಯದರಲ್ಲಿ ಎಲೆ ನೀಲಿ! ಪ್ರಿಂಟರಿಗೆ ಹಸಿರೆಂಬ ಶಾಯಿಯೇ ಇಲ್ಲ. ಅದರ ಬಳಿಯಿರುವುದು ನೀಲಿ, ಗುಲಾಬಿ, ಹಳದಿ, ಕಪ್ಪು. ನೀಲಿಯ ಮೇಲೆ ಹಳದಿಯ ಚುಕ್ಕೆ ಬಿದ್ದರೆ ನಮ್ಮ ಕಣ್ಣಿಗೆ ಹಸಿರು. ಹಳದಿ ಮುಗಿದಿತ್ತು. ಮೂರು ಬಣ್ಣ ಒಂದೇ ಕಾರ್ಟ್ರಿಜ್ಜಿನಲ್ಲಿರುವ ಯಂತ್ರ ನಮ್ಮದು, ಒಂದು ತೀರಿದರೆ ಮೂರನ್ನೂ ಕೊಳ್ಳಬೇಕು. ಅಂಗಡಿಯವನು ಹೇಳಿದ ಬೆಲೆಯಲ್ಲಿ ಸಾಗರಕ್ಕೆ ಹೋಗಿ, ಊಟ ಮಾಡಿ ಬರಬಹುದಿತ್ತು.

"ಲಗ್ನಪತ್ರಿಕೆಗೆ ಹಚ್ಚೋದು ಇದಕ್ಕೆ ಯಾಕಾಗಬಾರದು?" ಎಂದು ಹೆಂಡತಿ ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದಳು. ಕಲಸಿ ಹಚ್ಚಿದರೆ ನೀರು ತಾಗಿದ ಶಾಯಿ ಹರಡಿ ತೋರಣ ಕೆರೆಯಾಯಿತು. ಒಣಪುಡಿಯನ್ನೇ ಹತ್ತಿಯಲ್ಲಿ ತಿಕ್ಕಿದಳು. ನೀಲಿ ಎಲೆ ನೋಡನೋಡುತ್ತ ಎಳೆ ಹಸಿರಾಯಿತು. ಮನೆಯವರೆಲ್ಲ ಕೂತು ಹನ್ನೊಂದು ಕಾರ್ಡು ತಿಕ್ಕಿದೆವು. ಮುದ್ರಣಕ್ಕೆ ಕೈ ಸೇರಿಸುವುದು ಮೋಸವಲ್ಲವೇ ಎಂದಳು ಮಗಳು. ನನಗೆ ಹೆನ್ರಿ ಕೋಲ್ ನೆನಪಾದ. ಒಬ್ಬೊಬ್ಬರಿಗೂ ಪತ್ರ ಬರೆಯಲು ಪುರಸೊತ್ತಿಲ್ಲದ ಈ ಲಂಡನ್ನಿನ ಮನುಷ್ಯ 1843ರಲ್ಲಿ ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಕ್ರಿಸ್‌ಮಸ್ ಕಾರ್ಡೊಂದನ್ನು ಬರೆಸಿ ಅಚ್ಚು ಹಾಕಿಸಿದ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದು. ಅದರ ಬಣ್ಣವನ್ನೂ ಕೈಯಲ್ಲೇ ತುಂಬಿದ್ದರು. ಬೆಲೆ ಮಾತ್ರ ಒಂದು ಶಿಲಿಂಗ್. ನಮ್ಮದಕ್ಕೆ ಅರಿಶಿನದ ಖರ್ಚು.

ದೀಪಾವಳಿಗೆ ಸಾಗರಕ್ಕೆ ಹೋದಾಗ ಮೊದಲು ಕಣ್ಣು ಹೋದದ್ದು ಮೊಳೆಯ ಕಡೆಗೆ. ಕಾರ್ಡು ಇತ್ತು. ಎದುರಿನ ಕಿಟಕಿಯ ಬಿಸಿಲು ನೇರ ಅದರ ಮೇಲೆ. ಸೆರಗಿಗಾದ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿ ಹೋಗಿಸುವ ಮನೆಯಲ್ಲೇ ಬೆಳೆದವನು ನಾನು. ಅದೊಂದು ನನಗೆ ಹೊಳೆದಿರಲಿಲ್ಲ.

"ಬಂದಾಗ ಹಸಿರೇ ಇತ್ತು" ಎಂದರು ಅತ್ತೆ. "ಮಳೆಗಾಲದ ಹೊತ್ತಿಗೆ ನೀಲಿ ಆತು. ಯಾವ ಜಾತಿ ಮಾವು ಮಾರಾಯ ಇದು?"

ಮೇಲೆ ಸಿಗಿಸಿದ್ದ ಕರೆಂಟ್ ಬಿಲ್ಲನ್ನು ಎತ್ತಿ ನೋಡಿದೆ. ಅದು ಮುಚ್ಚಿದ್ದಷ್ಟು ಜಾಗದಲ್ಲಿ ಎರಡು ಎಲೆ ಇನ್ನೂ ಹಸಿರಾಗಿದ್ದವು.